ನಗಿಸಲೆಂದೇ ಬರೆದ ಮಾಸ್ತರು

ಹೋದ ವಾರ ಯಾದಗಿರಿಯಿಂದ ಒಬ್ಬರು ಫೋನ್ ಮಾಡಿದ್ದರು. ತೀರಿಕೊಂಡ ನಮ್ಮ ಕನ್ನಡ ಮಾಸ್ತರರ ನೆನಪಿಗೆ ಒಂದು ಸಂಚಿಕೆ ತರುತ್ತಿದ್ದಾರಂತೆ. ನಾನು ಬಹಳ ವರ್ಷ ಅವರ ಜೊತೆ ಒಂದೇ ಶಾಲೆಯಲ್ಲಿ ಕಲಿಸಿದವನು, ಒಂದೇ ಬಸ್ಸಿನಲ್ಲಿ ಓಡಾಡಿದವನು. ಆದ್ದರಿಂದ ಎರಡು ಪುಟ ಬರೆದುಕೊಡಬೇಕಂತೆ. ಆಗಲಿ ಅಂದೆ.

"ಅವ್ರ ನೋವಿನ ಬಗ್ಗೆ ಬರೀರಿ ಸರ್. ಪಟ್ಟ ಕಷ್ಟ, ಅವಮಾನ, ಅಂಥಾದ್ದು. ಓದಿದವ್ರ ಕಣ್ಣಾಗ ನೀರು ಬರಬೇಕು ನೋಡ್ರಿ."

"ಅವ್ರು ನಗಿಸೋ ಕಥಿ ಬರೀತಿದ್ರಲ್ರಿ?" ಅಂದೆ.

"ಅದೂ ಇರಲಿ, ಒಂದು ಸಾಲು," ಅಂದರು.

ಆ ಒಂದು ಸಾಲಿಗೇ ನನಗೆ ಸಿಟ್ಟು ಬಂದದ್ದು. ಒಬ್ಬ ಮನುಷ್ಯ ಇಡೀ ಆಯುಷ್ಯ ಹಟ ಹಿಡಿದು ಮಾಡಿದ ಕೆಲಸಕ್ಕೆ ಒಂದು ಸಾಲು! ಅವರಿಗೆ ಬೇಕಾದ ಎರಡು ಪುಟವನ್ನು ಬೇರೆ ಯಾರಾದರೂ ಬರೆದುಕೊಡಲಿ, ಅಂಥದ್ದನ್ನು ಬರೆಯುವ ಮಂದಿಗೇನು ಬರಗಾಲವಿಲ್ಲ. ನಾನು ಗಣಿತ ಕಲಿಸುವವನು. ಸಾಹಿತ್ಯದ ಆಳ ಅಗಲ ನನಗೆ ಗೊತ್ತಿಲ್ಲ. ಆದರೆ ಯಾವ ಮಾತಿಗೆ ನಗಬೇಕು ಅನ್ನುವುದು ಗೊತ್ತಿದೆ. ಅಷ್ಟು ಗೊತ್ತಿದ್ದವರು ಅವರ ಸುತ್ತ ಹೆಚ್ಚು ಜನ ಇರಲಿಲ್ಲ.

ಅವರ ಹೆಸರು ಇಲ್ಲಿ ಬರೆಯುವುದಿಲ್ಲ. ನಮ್ಮ ಕಡೆ ಹೆಸರು ಹೇಳಿದ ಕೂಡಲೇ ಅಡ್ಡಹೆಸರು ಕೇಳುತ್ತಾರೆ. ಅಡ್ಡಹೆಸರು ಹೇಳಿದರೆ ಊರಲ್ಲಿ ಮನೆ ಯಾವ ಓಣಿಯಲ್ಲಿ ಅಂತ ಮನಸ್ಸಿನಲ್ಲೇ ಲೆಕ್ಕ ಹಾಕುತ್ತಾರೆ. ಆ ಲೆಕ್ಕ ಮುಗಿದ ಮೇಲೆ ಕಥೆ ಓದುವ ಕಣ್ಣೇ ಬೇರೆಯಾಗುತ್ತದೆ. ಗೋಗಿ ಕಡೆಯ ಒಂದು ಹಳ್ಳಿಯವರು, ಬೌದ್ಧರು, ತಂದೆ ತಾಯಿ ಮಂದಿಯ ಹೊಲದಲ್ಲಿ ಕೂಲಿ ಮಾಡಿ ಓದಿಸಿದ್ದರು. ಇಷ್ಟು ಹೇಳಿದರೆ ಸಾಕು, ಉಳಿದದ್ದನ್ನು ಓದುವವರೇ ತುಂಬಿಕೊಂಡುಬಿಡುತ್ತಾರೆ. ಅವರೇ ಒಮ್ಮೆ ಅಂದಿದ್ದರು: "ನಾ ಕಥಿ ಶುರು ಮಾಡೋದ್ರಾಗ ಮಂದಿ ಅದನ್ನ ಮುಗಿಸಿ ಕುಂತಿರ್ತಾರ್ರಿ ಸರ್."

ಎತ್ತರದ ಆಳು. ದಿನಾ ಇಸ್ತ್ರಿ ಹಾಕಿದ ಬಿಳಿ ಅಂಗಿ. ಹತ್ತಿ ಬಿಡಿಸುವ ಹೆಣ್ಣುಮಕ್ಕಳು, ಗೊಬ್ಬರದ ಚೀಲ, ಕೋಳಿ, ಎಲ್ಲವೂ ತುಂಬಿದ ಬೆಳಗಿನ ಬಸ್ಸಿನಲ್ಲಿ ಶಹಾಪುರದಿಂದ ಹಳ್ಳಿಯ ಶಾಲೆಗೆ ಹೋಗಿ ಇಳಿಯುವ ಹೊತ್ತಿಗೆ ನನ್ನ ಅಂಗಿ ಹಿಂಡಿದಂತಾಗಿರುತ್ತಿತ್ತು. ಅವರದು ಹಾಗೇ ಇರುತ್ತಿತ್ತು. ಹೆಂಗ್ರಿ ಇದು ಅಂತ ಕೇಳಿದರೆ, "ನಾ ಜರಾ ಮಾಸಿದ ಅಂಗಿ ಹಾಕಿದ್ರ ಅದನ್ನೂ ನೋವು ಅಂತಾರ್ರಿ. ಸುಮ್ಮ ಯಾಕ ಅವಕಾಶ ಕೊಡಬೇಕು?" ಅನ್ನುತ್ತಿದ್ದರು.

ಬಸ್ಸಿನಲ್ಲಿ ಕಂಡಕ್ಟರನ ಹಿಂದಿನ ಸೀಟು ಅವರಿಗೆ ಇಷ್ಟ. ಜಗಳವೆಲ್ಲ ಅಲ್ಲಿಗೇ ಬಂದು ಮುಟ್ಟುತ್ತದೆ ಅನ್ನುವ ಕಾರಣಕ್ಕೆ. ಯಾವುದೋ ಮುದುಕಿ ಚಿಲ್ಲರೆಗಾಗಿ ಕಂಡಕ್ಟರನ ಏಳು ತಲೆಮಾರನ್ನು ಎಳೆದು ತಂದರೆ ಇವರು ಪೆನ್ನು ತೆಗೆದು ಎಡಗೈ ಅಂಗೈಯ ಮೇಲೆ ಒಂದು ಮಾತು ಬರೆದುಕೊಳ್ಳುತ್ತಿದ್ದರು. ಶಾಲೆ ಮುಟ್ಟುವಷ್ಟರಲ್ಲಿ ಅಂಗೈ ಮದರಂಗಿ ಹಚ್ಚಿದ ಹಾಗೆ ಕಾಣುತ್ತಿತ್ತು. "ಬ್ಯಾಸಗ್ಯಾಗ ನನ್ನ ಸಾಹಿತ್ಯ ಕಮ್ಮಿ ಸರ್. ಬೆವರಿಗೆ ಅಳಿಸಿ ಹೋಗ್ತದ."

ಬೇರೆಯವರನ್ನು ನಗಿಸಿ ತಾವು ಮಾತ್ರ ನಗುತ್ತಿರಲಿಲ್ಲ. ಸ್ಟಾಫ್ ರೂಮಿನಲ್ಲಿ ಏನಾದರೊಂದು ಹೇಳಿ, ನಾವೆಲ್ಲ ಹೊಟ್ಟೆ ಹಿಡಿದುಕೊಂಡಾಗ ಚಸ್ಮಾ ತೆಗೆದು ಅಂಗಿಯ ತುದಿಯಿಂದ ಒರೆಸುತ್ತಾ ಕೂಡುತ್ತಿದ್ದರು. ಯಾರು ಎಲ್ಲಿ ನಕ್ಕರು, ಯಾರು ತಡವಾಗಿ ನಕ್ಕರು, ಯಾರು ಪಕ್ಕದವರು ನಕ್ಕರೆಂದು ನಕ್ಕರು, ಎಲ್ಲ ಗಮನಿಸುತ್ತಿದ್ದರು. ಹೆಡ್ ಮಾಸ್ತರರು ಯಾವಾಗಲೂ ಕೊನೆಗೆ ನಗುತ್ತಿದ್ದರು. "ಸಾಹೇಬ್ರ ನಗಿ ಮ್ಯಾಲಿಂದ ಮಂಜೂರಾಗಿ ಬರಬೇಕ್ರಿ, ಹೊತ್ತಾಗ್ತದ," ಅಂತ ನನ್ನ ಕಿವಿಯಲ್ಲಿ ಹೇಳಿ ನನ್ನನ್ನು ಪೇಚಿಗೆ ಸಿಕ್ಕಿಸುತ್ತಿದ್ದರು.

ಇದೆಲ್ಲ ಅವರಿಗೆ ಬಂದದ್ದು ತಾಯಿಯಿಂದ. ಆಕೆಯನ್ನು ನಾನು ನೋಡಿಲ್ಲ, ಆದರೆ ಕೇಳಿ ಕೇಳಿ ನೋಡಿದ ಹಾಗೇ ಆಗಿದೆ. ಗೌಡರ ಹೊಲದಲ್ಲಿ ಕೂಲಿಗೆ ಹೋಗಿ, ದಿನವೆಲ್ಲ ಗೌಡಸಾನಿಯಿಂದ ಬೈಸಿಕೊಂಡು, ಸಂಜೆ ಮನೆಯ ಮುಂದೆ ಕೂತು ಅದನ್ನೆಲ್ಲ ಆಡಿ ತೋರಿಸುತ್ತಿದ್ದಳಂತೆ. ಗೌಡಸಾನಿ ಸೊಂಟದ ಮೇಲೆ ಕೈ ಇಡುವ ರೀತಿ, ಸಿಟ್ಟು ಬಂದಾಗ ಆಕೆಯ ಮೂಗುತಿ ಅಲುಗುವ ರೀತಿ, ಬೈಗುಳ ಮರೆತು ನಡುವೆ ನಿಲ್ಲುವ ರೀತಿ. "ನಮ್ಮ ಓಣಿ ಬಿದ್ದು ಬಿದ್ದು ನಗ್ತಿತ್ರಿ ಸರ್. ಗೌಡಸಾನಿ ಬೈದದ್ದು ಬೇಕಾದಷ್ಟು ಪುಸ್ತಕದಾಗ ಬಂದದ. ನಮ್ಮವ್ವ ನಗಿಸಿದ್ದು ಎಲ್ಲೂ ಬಂದಿಲ್ಲ. ಅದನ್ನ ಬರದು ಸಾಯಬೇಕು ನಾ." ಅವರಿಗಿದ್ದ ಆಸೆ ಇಷ್ಟೇ. ಆ ಓಣಿಯ ನಗು ಕಾಗದಕ್ಕೆ ಬರಬೇಕು, ಓದಿದವರು ನಗಬೇಕು. ಇದೇನು ದೊಡ್ಡ ಬೇಡಿಕೆಯಲ್ಲ ಅಂತ ನಾನು ಅಂದುಕೊಂಡಿದ್ದೆ.

ಅವರು ಬರೆದ ಕೋಳಿಯ ಕಥೆಯನ್ನು ನಾನು ಮೊದಲು ಓದಿದೆ. ಕೆಳಗಿನ ಓಣಿಯ ಒಂದು ಕೋಳಿ ದಿನಾ ಹೋಗಿ ಗೌಡರ ಬಣವೆಯಲ್ಲಿ ತತ್ತಿ ಇಡುತ್ತದೆ. ಗೌಡರ ಮನೆಯಲ್ಲಿ ತತ್ತಿಯ ಹೆಸರೂ ಎತ್ತುವಂತಿಲ್ಲ, ಅಂಥ ಮಡಿಯ ಮನೆ. ಕೋಳಿಯ ಒಡತಿ ಹೋಗಿ ಕೇಳಿದರೆ ಬಣವೆಯಲ್ಲಿ ತತ್ತಿಯೇ ಇಲ್ಲ. ಹಾಗಾದರೆ ದಿನಾ ಇಟ್ಟ ತತ್ತಿ ಎಲ್ಲಿ ಹೋಯಿತು ಅಂತ ಪಂಚಾಯಿತಿ ಕೂಡುತ್ತದೆ. ಗೌಡರು ಅಲ್ಲಿ "ನಮ್ಮ ಬಣವಿ ಶುದ್ಧ ಅದ" ಅಂತ ಆಣೆ ಮಾಡುವ ಹೊತ್ತಿಗೆ ಅವರ ಅಂಗಿಯ ಮೇಲೆ ಹಳದಿ ಕಲೆ. ನಾನು ಬಸ್ಸಿನಲ್ಲಿ ಓದುತ್ತಾ ಹೇಗೆ ನಕ್ಕೆನೆಂದರೆ ಪಕ್ಕದಲ್ಲಿದ್ದ ಹೆಣ್ಣುಮಗಳು ಎದ್ದು ಬೇರೆ ಸೀಟಿಗೆ ಹೋದಳು.

ಕಥೆಯನ್ನು ಒಂದು ಪತ್ರಿಕೆಗೆ ಕಳಿಸಿದರು. ಕೂಡಲೇ ಉತ್ತರ ಬಂತು, ಬಹಳ ಗೌರವದ ಉತ್ತರ. ಕಥೆ ಲಘುವಾಗಿ ಚೆನ್ನಾಗಿದೆ, ಆದರೆ ನಿಮ್ಮಂಥ ಹಿನ್ನೆಲೆಯ ಲೇಖಕರಿಂದ ನಾವು ಅನುಭವದ ಕಾವನ್ನು ನಿರೀಕ್ಷಿಸುತ್ತೇವೆ, ದಯವಿಟ್ಟು ನಿಮ್ಮ ಬದುಕಿನ ಕಥನ ಕಳಿಸಿ, ಹೀಗೆ. ಅವರು ಅದನ್ನು ನನಗೆ ಓದಿ ಹೇಳಿ ಚಸ್ಮಾ ಒರೆಸಿಕೊಂಡರು.

"ಕೋಳಿ ತತ್ತಿ ಇಟ್ಟದ್ದು ಅನುಭವ ಅಲ್ಲೇನ್ರಿ ಸರ್?"

"ಕೋಳಿಗಿ ಅನುಭವ," ಅಂದೆ.

"ಹಂಗಾದ್ರ ಕೋಳೀನೇ ಬರೀಬೇಕಿತ್ತು. ಅದರ ಅಡ್ಡಹೆಸರು ಯಾರೂ ಕೇಳ್ತಿದ್ದಿಲ್ಲ."

ಅಂದು ಇಬ್ಬರೂ ನಕ್ಕು ಮುಗಿಸಿದೆವು. ಆಮೇಲಿನ ಉತ್ತರಗಳಿಗೆ ನಗು ಕಡಿಮೆಯಾಗುತ್ತಾ ಹೋಯಿತು. ಎಲ್ಲರೂ ಅದನ್ನೇ ಕೇಳುತ್ತಿದ್ದರು. ಮರ್ಯಾದೆಯಿಂದ, ಕಾಳಜಿಯಿಂದ, ತಲೆ ಬಾಗಿಸಿ ಕೇಳುತ್ತಿದ್ದರು. ಬೈದಿದ್ದರೆ ಜಗಳವಾಡಬಹುದಿತ್ತು. ಗೌರವ ಕೊಡುವವರ ಜೊತೆ ಹೇಗೆ ಜಗಳವಾಡುವುದು?

ಹೊರಗಿನವರದು ಹೀಗಾದರೆ ಒಳಗಿನವರದು ಇನ್ನೊಂದು ರೀತಿ. ಜಯಂತಿಗೆ ಹಾಡು ಬರೆದುಕೊಡಿ ಅಂತ ಓಣಿಯ ಹುಡುಗರು ಬಂದರೆ ಖುಷಿಯಿಂದ ಬರೆದುಕೊಡುತ್ತಿದ್ದರು, ತಾವೇ ರಾಗ ಹಾಕಿ ಹೇಳಿಕೊಡುತ್ತಿದ್ದರು. ಅವರಲ್ಲಿ ಒಬ್ಬ, ಚುರುಕು ಹುಡುಗ, ವಕೀಲಿಕೆ ಓದುತ್ತಿದ್ದವನು, ಒಮ್ಮೆ ನನ್ನ ಎದುರೇ ಕೇಳಿದ: "ಸರ್, ನಮ್ಮ ಮ್ಯಾಲ ಮಂದಿ ನಗೋದು ಇನ್ನೂ ಬಿಟ್ಟಿಲ್ಲ. ನೀವು ಮತ್ತ ಕುಂತು ನಗಿಸ್ತೀರಿ?"

ಸಂಪಾದಕರಿಗೆಲ್ಲ ಥಟ್ಟನೆ ಉತ್ತರ ಕೊಡುತ್ತಿದ್ದ ಮನುಷ್ಯ ಮೊದಲು ಅವನನ್ನು ಪಕ್ಕದಲ್ಲಿ ಕೂಡಿಸಿಕೊಂಡರು. ಆಮೇಲೆ ಮೆಲ್ಲಗೆ ಅಂದರು: "ತಮ್ಮಾ, ಅವ್ರು ನಮ್ಮ ಮ್ಯಾಲ ನಗೋದು ಬ್ಯಾರೆ. ನಿಮ್ಮಜ್ಜಿ ಸಂಜಿಗಿ ಕುಂತು ನಗ್ತಿದ್ದದ್ದು ಬ್ಯಾರೆ. ಆಕಿ ನಕ್ಕಿದ್ದನ್ನ ಯಾರು ಬರೀಬೇಕು?" ಹುಡುಗ ಒಪ್ಪಲಿಲ್ಲ. ಅವನ ಮಾತಿನಲ್ಲೂ ಅರ್ಥವಿತ್ತು, ಅದಕ್ಕೇ ಅದು ಅವರಿಗೆ ಹೆಚ್ಚು ನಾಟಿತು.

ಅದರ ನಂತರ ಬೆಂಗಳೂರಿನ ಒಬ್ಬ ಪ್ರಕಾಶಕರು ಆತ್ಮಕಥೆ ಬರೆದುಕೊಡಿ ಅಂತ ಬೆನ್ನು ಹತ್ತಿದರು. ಬರೆದರೆ ಕಾಲೇಜಿನ ಪಠ್ಯಕ್ಕೂ ಹೋಗಬಹುದು ಅಂದರಂತೆ. ನಾನೂ ಬರೀರಿ ಅಂದೆ. ಮೊದಲು ಒಂದು ಪುಸ್ತಕ ಬರಲಿ, ಆಮೇಲೆ ಕೋಳಿ ಕಥೆಯನ್ನೂ ಅದರ ಹಿಂದೆ ಹೊಡೆದುಕೊಂಡು ಹೋಗಬಹುದು ಅನ್ನುವುದು ನನ್ನ ಲೆಕ್ಕ. ದಸರಾ ರಜೆಯಲ್ಲಿ ಕೂತು ಶುರು ಮಾಡಿದರು. ಶಾಲೆಯ ಅಧ್ಯಾಯ ಬರೆದು ಕಳಿಸಿದರು. ಅವರನ್ನು ಬೇರೆ ಮಕ್ಕಳ ಜೊತೆ ಕೂಡಿಸದೆ ಬಾಗಿಲ ಹತ್ತಿರ ಕೂಡಿಸುತ್ತಿದ್ದದ್ದು, ನೀರು ಮೇಲಿಂದ ಸುರಿಯುತ್ತಿದ್ದದ್ದು, ಎಲ್ಲ ಅದರಲ್ಲಿತ್ತು. ಸುಳ್ಳಲ್ಲ, ಎಲ್ಲ ಆದದ್ದೇ. ಆದರೆ ನಡುವೆ ಒಂದು ಸಾಲು ಬರೆದಿದ್ದರು: ಬಾಗಿಲ ಹತ್ತಿರ ಕೂಡಿಸಿದ್ದರಿಂದ ಗಂಟೆ ಹೊಡೆದ ಕೂಡಲೇ ಎಲ್ಲರಿಗಿಂತ ಮೊದಲು ಹೊರಗೆ ಓಡುತ್ತಿದ್ದವನು ನಾನೇ, ಒಳಗೆ ಕೂತ ಗೌಡರ ಮಗ ಇದಕ್ಕಾಗಿ ನನ್ನನ್ನು ನೋಡಿ ಹೊಟ್ಟೆಕಿಚ್ಚು ಪಡುತ್ತಿದ್ದ, ಒಂದು ದಿನ ಜಾಗ ಅದಲು ಬದಲು ಮಾಡಿಕೊಳ್ಳೋಣವಾ ಅಂತ ಗುಟ್ಟಾಗಿ ಕೇಳಿದ್ದ.

ಪ್ರಕಾಶಕರ ಫೋನ್ ಬಂದಾಗ ನಾವು ಊಟದ ಬಿಡುವಿನಲ್ಲಿ ಬುತ್ತಿ ಬಿಚ್ಚಿಕೊಂಡು ಕೂತಿದ್ದೆವು. ಕೈ ತೊಳೆದಿರಲಿಲ್ಲವೆಂದು ಸ್ಪೀಕರಿಗೆ ಹಾಕಿದ್ದರು. "ಸಾರ್, ತುಂಬಾ ಚೆನ್ನಾಗಿದೆ. ಆ ಒಂದು ಸಾಲು ಮಾತ್ರ ತೆಗೆದುಬಿಡಿ. ಅಲ್ಲಿವರೆಗೂ ಓದುಗ ಅಳ್ತಾ ಇರ್ತಾನೆ, ಅಲ್ಲಿ ಬಂದು ಪಟ್ಟಂತ ನಿಂತುಹೋಗುತ್ತೆ."

"ಅದಕ್ಕೇ ಬರದೀನ್ರಿ," ಅಂದರು ಇವರು.

"ಅಂದ್ರೆ?"

"ಅಲ್ಲಿ ನಿಲ್ಲಲಿ ಅಂತೇ ಬರದೀನ್ರಿ. ಅವ ಆರಾಮ ಅಳಕೋತ ಕುಂತ್ರ ನನಗೇನು ಫಾಯಿದೆ?"

ಪ್ರಕಾಶಕರಿಗೆ ಅರ್ಥವಾಗಲಿಲ್ಲ. ಇನ್ನೊಮ್ಮೆ ಅದನ್ನೇ ಬಿಡಿಸಿ ಹೇಳಿದರು, ಇನ್ನೂ ಮೃದುವಾಗಿ. ಇವರು ಆತ್ಮಕಥೆಯನ್ನು ವಾಪಸು ತೆಗೆದುಕೊಂಡರು. ನಾನು ಬಹಳ ಜಗಳವಾಡಿದೆ. ಒಂದು ಸಾಲಿಗಾಗಿ ಒಂದು ಪುಸ್ತಕ ಬಿಡುತ್ತಾರೇನ್ರಿ, ಹುಚ್ಚು ಹಿಡಿದದೇನು ಅಂದೆ. ಅವರು ರೊಟ್ಟಿ ಮುರಿಯುತ್ತಾ, "ಉಳಿದದ್ದೆಲ್ಲಾ ಅವ್ರು ನನಗ ಮಾಡಿದ್ದು ಸರ್. ಆ ಸಾಲೊಂದು ನಂದು," ಅಂದರು.

ಆದರೂ ಅವರು ಮುರಿದದ್ದು ಪ್ರಕಾಶಕರಿಂದಲ್ಲ, ಸುರಪುರದಲ್ಲಿ. ಅಲ್ಲೊಂದು ಕಥಾಗೋಷ್ಠಿ ಇತ್ತು. ಕರೆದಾಗ ಇವರು ಮೊದಲೇ ಹೇಳಿದ್ದರು, ನಗೆಯ ಕಥೆ ಓದುತ್ತೇನೆ ಅಂತ. ಓದ್ರಿ, ಏನು ಬೇಕಾದರೂ ಓದ್ರಿ ಅಂದಿದ್ದರು. ನಾನೂ ಜೊತೆಗೆ ಹೋಗಿದ್ದೆ. ಗೋಷ್ಠಿ ನಡೆಸಿದ ಸಂಘದ ಕಾರ್ಯದರ್ಶಿ ಒಬ್ಬರಿದ್ದರು, ದನಿಯಲ್ಲಿ ಸದಾ ಕಂಬನಿ ಇಟ್ಟುಕೊಂಡವರು. ಅವರು ಎದ್ದು ನಿಂತು "ಬೆಂದ ಬದುಕಿನ ಒಡಲಿನಿಂದ ಎದ್ದು ಬಂದ ನೋವಿನ ದನಿ" ಅಂತ ಪರಿಚಯ ಮಾಡಿಕೊಟ್ಟರು. ಸಭೆಯಲ್ಲಿದ್ದವರೆಲ್ಲ ಮೈ ಸರಿಪಡಿಸಿಕೊಂಡು, ಮುಖ ಗಂಭೀರ ಮಾಡಿಕೊಂಡು ಕೂತರು. ಅಲ್ಲಿಗೇ ಮುಗಿದಿತ್ತು.

ಓದಿದ್ದು ಒಬ್ಬ ಮುದುಕಿಯ ಕಥೆ. ಜನಗಣತಿಗೆಂದು ಮನೆ ಮನೆಗೆ ಬಂದು ವಯಸ್ಸು ಬರೆದುಕೊಳ್ಳುವ ಮಾಸ್ತರನ ಜೊತೆ ಆಕೆ ಸಂತೆಯಲ್ಲಿ ಬದನೆಕಾಯಿಗೆ ಮಾಡಿದ ಹಾಗೆ ಚೌಕಾಶಿ ಮಾಡುತ್ತಾಳೆ. ಎಪ್ಪತ್ತು ಭಾಳಾತು, ಐವತ್ತಕ್ಕೆ ಮುಗಿಸು ಅನ್ನುತ್ತಾಳೆ. ಹಟ ಮಾಡಿ ಕೊನೆಗೆ ಐವತ್ತಕ್ಕೇ ಒಪ್ಪಿಸುತ್ತಾಳೆ. ಅಷ್ಟರಲ್ಲಿ ಯಾರೋ ವಯಸ್ಸಾದವರಿಗೆ ಪಿಂಚಣಿ ಬರುತ್ತದೆ ಅಂತಾರೆ. ಆಕೆ ಹೊರಟುಹೋದ ಮಾಸ್ತರನ ಹಿಂದೆ ಓಡಿ ಓಡಿ ಹಿಡಿದು, "ಎಪ್ಪಾ, ನೂರಾ ಹತ್ತು ಹಾಕು" ಅನ್ನುತ್ತಾಳೆ. ಮಾಸ್ತರ ದಿಕ್ಕು ತಪ್ಪಿ, "ಇಷ್ಟು ವಯಸ್ಸಾದವ್ರು ಹಿಂಗ ಓಡಂಗಿಲ್ಲವ್ವ" ಅಂದರೆ, "ಬರಕೊಂಡ ಮ್ಯಾಲ ಓಡಂಗಿಲ್ಲ, ನೀ ಬರಿ" ಅನ್ನುತ್ತಾಳೆ.

ನಾನು ನಕ್ಕೆ. ಮುಂದಿನ ಸಾಲಿನವರು ತಿರುಗಿ ನನ್ನನ್ನು ನೋಡಿದರು. ಒಬ್ಬ ಹೆಣ್ಣುಮಗಳು ಕಣ್ಣು ಒರೆಸಿಕೊಳ್ಳುತ್ತಿದ್ದರು. ಅಧ್ಯಕ್ಷರು ಕೊನೆಗೆ ಮಾತಾಡುತ್ತಾ, ವಯಸ್ಸನ್ನೂ ಮಾರಿಕೊಳ್ಳಬೇಕಾದ ಆ ವೃದ್ಧೆಯ ಅಸಹಾಯಕತೆ ತಮ್ಮನ್ನು ನಿದ್ದೆಗೆಡಿಸುತ್ತದೆ ಅಂದರು. ದೊಡ್ಡ ಚಪ್ಪಾಳೆ ಬಿತ್ತು. ಶಾಲು ಹೊದಿಸಿದರು.

ಸುರಪುರದ ಬಸ್ ಸ್ಟ್ಯಾಂಡಿನ ಕಲ್ಲಿನ ಮೇಲೆ ಕೂತೆವು. ಶಾಲನ್ನು ಮಡಿಸಿ ತೊಡೆಯ ಮೇಲೆ ಇಟ್ಟುಕೊಂಡಿದ್ದರು. ಶಹಾಪುರದ ಬಸ್ಸು ಬಂದು ಹೋಯಿತು, ಏಳಲಿಲ್ಲ.

"ಆ ಮುದುಕಿ ನಮ್ಮವ್ವ ಸರ್," ಅಂದರು. "ಬದುಕಿದ್ದಾಗ ಯಾರ ಕಡಿಂದೂ ಅಯ್ಯೋ ಪಾಪ ಅನಿಸಿಕೊಂಡಿದ್ದಿಲ್ಲ. ಇವತ್ತ ನಾನ ಕರಕೊಂಡು ಬಂದು ಇಷ್ಟು ಮಂದಿ ಕಡಿಂದ ಅನಿಸಿದೆ."

ಶಾಲನ್ನು ಇನ್ನೊಂದು ಮಡಿಕೆ ಮಡಿಸಿದರು.

"ಸಾಕ್ರಿ. ಇನ್ನ ಬರಿಯಂಗಿಲ್ಲ."

ನಿಜವಾಗಿಯೂ ಬಿಟ್ಟರು. ಬಸ್ಸಿನಲ್ಲಿ ಕಂಡಕ್ಟರನ ಹಿಂದಿನ ಸೀಟು ಖಾಲಿ ಇದ್ದರೂ ಹಿಂದೆ ಹೋಗಿ ಕಣ್ಣು ಮುಚ್ಚಿ ಕೂಡುತ್ತಿದ್ದರು. ಅಂಗೈ ಸ್ವಚ್ಛವಾಗಿರುತ್ತಿತ್ತು. ಸ್ಟಾಫ್ ರೂಮಿನಲ್ಲಿ ಉಳಿದ ಮಾಸ್ತರರ ಹಾಗೆ ಡಿ.ಎ., ವರ್ಗಾವಣೆ ಅಂತ ಮಾತಾಡತೊಡಗಿದರು. ಅದನ್ನು ನೋಡುವುದು ನನಗೆ ಕಷ್ಟವಾಗುತ್ತಿತ್ತು.

ಆ ಬೇಸಿಗೆಯಲ್ಲಿ ಒಂದು ಭಾನುವಾರ ಅವರ ಮನೆಗೆ ಹೋದೆ. ಅವರ ಹೆಂಡತಿ ಅಂಗನವಾಡಿ ಕಾರ್ಯಕರ್ತೆ, ನಾನು ಅಕ್ಕಾರ ಅನ್ನುತ್ತೇನೆ. ಆ ಮನೆಯಲ್ಲಿ ಒಂದು ಪದ್ಧತಿ ಇತ್ತು. ಆಕೆ ಜೋಳದ ರೊಟ್ಟಿ ಬಡಿಯುವಾಗ ಇವರು ಅಡುಗೆಮನೆಯ ಹೊಸ್ತಿಲ ಮೇಲೆ ಕೂತು ಹೊಸ ಕಥೆ ಓದುತ್ತಿದ್ದರು. ಆಕೆಯ ಕೈ ನಿಂತ ಕಡೆ ಕಥೆ ಚೆನ್ನಾಗಿದೆ ಅಂತ ಅರ್ಥ. ಕೈ ನಿಲ್ಲದೆ ಪಟಪಟ ಬಡಿಯುತ್ತಿದ್ದರೆ ಆ ಪುಟ ದಂಡ. "ಆ ಮುದುಕಿ ಹಂಗ ಮಾತಾಡಂಗಿಲ್ರಿ, ನೀವು ಮಾತಾಡಾಕತ್ತೀರಿ" ಅಂತ ಆಕೆ ಬಡಿಯುತ್ತಲೇ ಹೇಳಿಬಿಟ್ಟರೆ ಇವರು ತುಟಿ ಎರಡು ಮಾಡದೆ ಗೀಟು ಹೊಡೆಯುತ್ತಿದ್ದರು. ಕಥೆ ತೀರ ಚೆನ್ನಾದ ದಿನ ತವೆಯ ಮೇಲಿನ ರೊಟ್ಟಿ ಸೀದು ಹೋಗುತ್ತಿತ್ತು. ನಾನು ಆ ಮನೆಯಲ್ಲಿ ಬಹಳ ಸೀದ ರೊಟ್ಟಿ ತಿಂದಿದ್ದೇನೆ.

ಅಂದು ಊಟಕ್ಕೆ ಕೂಡಿಸಿ, ಅವರ ಎದುರಿಗೇ ಆಕೆ ನನಗೆ ಹೇಳಿದರು: "ನೋಡ್ರಿ ಅಣ್ಣಾರ, ಎಷ್ಟು ದಿನಾತು, ಮನ್ಯಾಗ ಒಂದು ರೊಟ್ಟಿ ಸೀದಿಲ್ಲ."

ಇವರು ತಲೆ ಎತ್ತಲಿಲ್ಲ.

"ಸುರಪುರದಾಗ ಯಾರೋ ನಗಲಿಲ್ಲಂತ ಬಿಟ್ಟಾರಂತ. ನಾ ಇಷ್ಟು ವರ್ಷ ನಕ್ಕಿದ್ದು ಯಾವ ಲೆಕ್ಕಕ್ಕೂ ಇಲ್ಲೇನ್ರಿ? ನಾ ಮಂದಿ ಅಲ್ಲೇನು?"

ಇದು ಜಗಳದ ದನಿಯಲ್ಲೇ ಬಂತು. ಇವರು ಚಸ್ಮಾ ತೆಗೆದು ಒರೆಸಿದರು, ಮತ್ತೆ ಹಾಕಿಕೊಂಡರು, ಮತ್ತೆ ತೆಗೆದರು. "ಪಲ್ಯ ಹಾಕು ಅವರಿಗಿ" ಅಂದರು ಅಷ್ಟೇ.

ಶಾಲೆ ಶುರುವಾದ ಮೇಲೆ ಒಂದು ಬೆಳಿಗ್ಗೆ ನೋಡುತ್ತೇನೆ, ಅಂಗೈ ಮೇಲೆ ಎರಡು ಮಾತು ಬರೆದಿದ್ದಾರೆ. ನಾನು ನೋಡಿಯೂ ನೋಡದ ಹಾಗೆ ಕೂತೆ. ಅಲ್ಲಿಂದ ಮುಂದೆ ಸಾಯುವವರೆಗೂ ಬರೆದರು. ಮುಂದೆ ಎಲ್ಲ ಸರಿಯಾಯಿತು ಅಂತ ಹೇಳುವ ಆಸೆ ನನಗೂ ಇದೆ, ಆದರೆ ಹಾಗೇನೂ ಆಗಲಿಲ್ಲ. ಬರೆದರು, ಕಳಿಸಿದರು, ವಾಪಸು ಬಂದವು. ಅಲ್ಲೊಂದು ಇಲ್ಲೊಂದು ಪ್ರಕಟವಾದವು, ಅದೂ ಮೇಲೆ ಕಪ್ಪು ಬಣ್ಣದಲ್ಲಿ ತಲೆ ಹಿಡಿದುಕೊಂಡು ಕೂತ ಮನುಷ್ಯನ ಚಿತ್ರ ಹಾಕಿ. ಕೋಳಿಯ ಕಥೆಗೂ ಅದೇ ಚಿತ್ರ. ಬಿಡಬೇಕು ಅನ್ನಿಸುವುದಿಲ್ಲೇನ್ರಿ ಅಂತ ಒಮ್ಮೆ ಕೇಳಿದ್ದೆ. "ದಿನಾ ಅನಸ್ತದ. ಆದ್ರ ಬಿಟ್ರ ಅವ್ರು ಹೇಳಿದ್ದೇ ಖರೆ ಆಗ್ತದಲ್ರಿ, ನಮ್ಮ ಓಣ್ಯಾಗ ಯಾರೂ ನಕ್ಕಿಲ್ಲ ಅಂತ," ಅಂದರು. ಅವರ ಬಾಯಿಂದ ಇಷ್ಟು ಸಿಟ್ಟಿನ ಮಾತು ನಾನು ಬೇರೆ ಕೇಳಿಲ್ಲ.

ನಿವೃತ್ತಿಯಾಗಿ ಇನ್ನೂ ವರ್ಷ ತುಂಬಿರಲಿಲ್ಲ, ಎದೆನೋವು ಬಂತು. ಕಲಬುರಗಿಯ ಆಸ್ಪತ್ರೆಗೆ ಸೇರಿಸಿದರು. ನಾನು ಹೋದಾಗ ಎಳೆಯ ಡಾಕ್ಟರೊಬ್ಬರು ಬಗ್ಗಿ ಕೇಳುತ್ತಿದ್ದರು: "ನೋವು ಎಲ್ಲಿ? ಎಂಥಾ ನೋವು? ಸ್ವಲ್ಪ ಬಿಡಿಸಿ ಹೇಳಿ." ಇವರು ನನ್ನ ಕಡೆ ತಿರುಗಿ, ಆಮ್ಲಜನಕದ ನಳಿಗೆಯ ಸಂದಿಯಿಂದ, "ಇವ್ರೂ ಅದನ್ನೇ ಕೇಳಾಕತ್ತಾರ ನೋಡ್ರಿ ಸರ್" ಅಂದರು. ಡಾಕ್ಟರರಿಗೆ ತಿಳಿಯಲಿಲ್ಲ. ನನ್ನ ಜೊತೆ ಅವರು ಆಡಿದ ಕೊನೆಯ ಮಾತು ಅದು.

ನುಡಿನಮನದ ಸಭೆ ಯಾದಗಿರಿಯಲ್ಲಿ ಒಂದು ಸಭಾಭವನದಲ್ಲಿ ನಡೆಯಿತು. ಬದುಕಿದ್ದಾಗ ಅವರಿಗೆ ಸಿಗದಷ್ಟು ಜನ ಸೇರಿದ್ದರು. ವೇದಿಕೆಯ ಮೇಲೆ ಹಾರ ಹಾಕಿದ ಫೋಟೋ. ಮೊದಲ ಸಾಲಿನಲ್ಲಿ ಅಕ್ಕಾರ ಬಿಳಿ ಸೀರೆ ಉಟ್ಟು, ಅತ್ತ ಇತ್ತ ನೋಡದೆ ಕೂತಿದ್ದರು. ಒಬ್ಬರಾದ ಮೇಲೊಬ್ಬರು ಎದ್ದು ಬಂದು ಅವರ ನೋವಿನ ಬಗ್ಗೆ ಮಾತಾಡಿದರು. ನಾನು ಹಿಂದಿನ ಸಾಲಿನಲ್ಲಿ ಕೂತು ಹಲ್ಲು ಕಚ್ಚಿದ್ದೆ.

ಕೊನೆಗೆ ಅದೇ ಸುರಪುರದ ಕಾರ್ಯದರ್ಶಿ ಎದ್ದರು. ಅಗಲಿದ ಚೇತನದ ಅಪ್ರಕಟಿತ ಕಥೆಯೊಂದನ್ನು ಅವರ ಧರ್ಮಪತ್ನಿಯವರು ಕೊಟ್ಟಿದ್ದಾರೆ, ಅದನ್ನು ಓದುವುದೇ ನಿಜವಾದ ಶ್ರದ್ಧಾಂಜಲಿ ಅಂದರು. ಮುಂಚೆ ಒಮ್ಮೆ ಕಣ್ಣಾಡಿಸಿಯೂ ಇರಲಿಲ್ಲ ಅಂತ ಕಾಣುತ್ತದೆ. ತಮ್ಮ ಮಾಮೂಲು ದನಿಯಲ್ಲಿ, ಪ್ರತಿ ಸಾಲಿನ ಕೊನೆಗೆ ಒಂದು ನಿಟ್ಟುಸಿರು ಬಿಟ್ಟು ಓದತೊಡಗಿದರು.

ಹಲ್ಲು ಉದುರಿದ ಅಣ್ಣ ತಮ್ಮಂದಿರ ಕಥೆ. ಅಣ್ಣನಿಗೆ ಪಟ್ಟಣದಲ್ಲಿ ಹಲ್ಲಿನ ಸೆಟ್ಟು ಕಟ್ಟಿಸಿದ್ದಾರೆ. ಒಂದೇ ತಾಯಿಯ ಮಕ್ಕಳಾದ್ದರಿಂದ ಅದು ತಮ್ಮನ ಬಾಯಿಗೂ ಬರೋಬ್ಬರಿ ಕೂಡುತ್ತದೆ. ಮೊದಲು ಅಣ್ಣ ಉಂಡು, ತೊಳೆದು ತಮ್ಮನಿಗೆ ಕೊಡುತ್ತಾನೆ. ಹಾಕಿಕೊಂಡವರು ಮನೆಯ ಯಜಮಾನರು, ಹಾಕಿಕೊಳ್ಳದವರು ಬರೀ ತಲೆ ಆಡಿಸಬೇಕು. ಹೀಗಿರುವಾಗ ಅಣ್ಣನ ಮಗನಿಗೆ ಹೆಣ್ಣು ನೋಡಲು ಇಬ್ಬರೂ ಹೋಗುತ್ತಾರೆ. ಅಣ್ಣ ಕೊಡುವ ತರುವ ಮಾತಾಡಿ ಮುಗಿಸಿ, ಕೆಮ್ಮಿದ ಹಾಗೆ ಮಾಡಿ, ಟವಲಿನಲ್ಲಿ ಹಲ್ಲು ತೆಗೆದು ತಮ್ಮನ ಕೈಗೆ ದಾಟಿಸುತ್ತಾನೆ. ತಮ್ಮ ಕೆಮ್ಮಿ, ಹಾಕಿಕೊಂಡು, ಅಣ್ಣ ಒಪ್ಪಿದ್ದಕ್ಕೆಲ್ಲ ತಕರಾರು ತೆಗೆಯುತ್ತಾನೆ. ಅಣ್ಣನಿಗೆ ಸಿಟ್ಟು ಬಂದರೂ ಬಾಯಿ ಬಿಡುವ ಹಾಗಿಲ್ಲ. ಅಷ್ಟರಲ್ಲಿ ಹೆಣ್ಣಿನ ಕಡೆಯವರು ಇಬ್ಬರ ಮುಂದೂ ಗಟ್ಟಿ ಶೇಂಗಾ ಉಂಡೆ ತಂದಿಡುತ್ತಾರೆ.

"ತಮ್ಮನು... ಉಂಡೆಯನ್ನು ಕಟುಮ್ಮೆಂದು ಕಡಿದನು," ಕಾರ್ಯದರ್ಶಿಗಳ ಕಂಠ ಬಿಗಿಯಿತು. "ಅಣ್ಣನು ಅದನ್ನು ಮೌನವಾಗಿ... ನೋಡುತ್ತಾ ಕುಳಿತನು."

ಮುಂದಿನ ಸಾಲಿನಲ್ಲಿ ಯಾರೋ ನಕ್ಕರು. ತಡೆಯಲಾರದೆ ಬಂದ, ದೊಡ್ಡ ನಗು. ಅಕ್ಕಾರ. ಕುರ್ಚಿಯ ಕೈ ಹಿಡಿದುಕೊಂಡು ಬಗ್ಗಿ ನಗುತ್ತಿದ್ದರು.

ಸಭೆಗೆ ಸಭೆಯೇ ಗಾಬರಿಯಾಯಿತು. ಅಕ್ಕಪಕ್ಕದ ಹೆಣ್ಣುಮಕ್ಕಳು ಆಕೆಯನ್ನು ಅಪ್ಪಿ ಹಿಡಿದರು. ಒಬ್ಬರು ನೀರು ತಂದು ಮುಖಕ್ಕೆ ಚಿಮುಕಿಸಿದರು. "ದುಃಖ ನೆತ್ತಿಗಿ ಏರ್ಯದ್ರಿ, ಗಾಳಿ ಬಿಡ್ರಿ, ಗಾಳಿ ಬಿಡ್ರಿ" ಅಂತ ಯಾರೋ ಕೂಗಿದರು.

"ನನಗೇನಾಗಿಲ್ಲವ್ವ," ಅಕ್ಕಾರ ನಗುವಿನ ನಡುವೆ ಅನ್ನುತ್ತಿದ್ದರು, "ಬಿಡ್ರಿ ನನ್ನ. ಮುಂದ ಓದಾಕ ಹೇಳ್ರಿ ಅವರಿಗಿ. ಮಜಾ ಇರೋದೇ ಮುಂದ ಅದ."

ಕಾರ್ಯದರ್ಶಿ ಓದಲಿಲ್ಲ. ಕಾಗದಗಳನ್ನು ಭಕ್ತಿಯಿಂದ ಮಡಿಸಿ ಫೋಟೋದ ಮುಂದೆ ಇಟ್ಟರು. ಇಬ್ಬರು ಹೆಣ್ಣುಮಕ್ಕಳು ಅಕ್ಕಾರರನ್ನು ತೋಳು ಹಿಡಿದು ಹೊರಗಿನ ಪಡಸಾಲೆಗೆ ಕರೆದೊಯ್ದು ಬೆಂಚಿನ ಮೇಲೆ ಕೂಡಿಸಿ, ನೀರಿನ ಬಾಟಲಿ ಕೈಗೆ ಕೊಟ್ಟು ವಾಪಸು ಬಂದರು. ಎಲ್ಲರೂ ಎದ್ದು ನಿಂತು ಮೌನ ಆಚರಿಸೋಣ ಅಂತ ವೇದಿಕೆಯಿಂದ ಹೇಳಿದರು. ಎಲ್ಲರೂ ಎದ್ದು ನಿಂತರು. ನಾನು ಎದ್ದು ಹೊರಗೆ ಹೋದೆ.

ಆಕೆ ಒಬ್ಬರೇ ಕೂತಿದ್ದರು. ಕೆನ್ನೆಯ ಮೇಲೆ ಚಿಮುಕಿಸಿದ ನೀರು ಇನ್ನೂ ಇತ್ತು. ನಾನು ಬೆಂಚಿನ ಈ ತುದಿಗೆ ಕೂತೆ.

"ಮುಂದೇನಾಗ್ತದ್ರಿ ಅಕ್ಕಾರ?"

ಆಕೆ ನನ್ನ ಮುಖ ನೋಡಿದರು. ನಾನು ನಿಜವಾಗಿಯೂ ಕೇಳುತ್ತಿದ್ದೇನೆ ಅಂತ ಖಾತ್ರಿ ಮಾಡಿಕೊಂಡು ಹೇಳಿದರು: "ಅಣ್ಣಗ ತಡಕೊಳ್ಳಾಕ ಆಗಂಗಿಲ್ರಿ. ಎಲ್ಲಾರ ಮುಂದೇ ತಮ್ಮನ ಬಾಯಾಗ ಕೈ ಹಾಕಿ ಹಲ್ಲು ಕಿತ್ತುಕೋತಾನ. ಬೀಗರ ಮನಿ ತುಂಬ ಸುಮ್ಮ ಅಂದ್ರ ಸುಮ್ಮ. ಸಂಬಂಧ ಮುರೀತು ಅಂತ ಇಬ್ರೂ ತೆಲಿ ತೆಳಗ ಹಾಕ್ತಾರ. ಅವಾಗ ಮೂಲ್ಯಾಗ ಕುಂತ ಹೆಣ್ಣಿನ ಅಜ್ಜ ಮೆಲ್ಲಕ ಒಂದು ಉಂಡಿ ಕೈಯಾಗ ಹಿಡಕೊಂಡು ಬಂದು ಕೇಳತಾನ್ರಿ..." ಆಕೆಗೆ ಮತ್ತೆ ನಗು ಒತ್ತಿಕೊಂಡು ಬಂತು. "...ಬೀಗ್ರ, ನನ್ನ ಪಾಳಿ ಯಾವಾಗ್ರಿ, ಅಂತ."

ನಾನು ನಕ್ಕೆ. ಬೆಂಚು ಅಲುಗುವಷ್ಟು, ಕಣ್ಣಿಂದ ನೀರು ಇಳಿಯುವಷ್ಟು ನಕ್ಕೆ. ಆಕೆಯೂ ನಕ್ಕರು.

ಎದೆಗೆ ಬ್ಯಾಡ್ಜ್ ಹಾಕಿಕೊಂಡ ಕಾರ್ಯಕರ್ತರೊಬ್ಬರು ಬಾಗಿಲು ಸರಿಸಿ ಹೊರಗೆ ಬಂದರು. ಮುಖ ಕೆಂಪಾಗಿತ್ತು. "ಸರ್, ನಿಮಗರ ತಿಳಿಬಾರದೇನ್ರಿ? ಜರಾ ಸುಮ್ಮನಿರ್ರಿ. ಒಳಗ ಮೌನಾಚರಣೆ ನಡದದ."

ಅಕ್ಕಾರ ಸೆರಗು ತೆಗೆದು ಬಾಯಿಗೆ ಒತ್ತಿ ಹಿಡಿದು ತಲೆ ತಗ್ಗಿಸಿದರು. ಅವರ ಭುಜಗಳು ಅಲುಗುತ್ತಿದ್ದವು. ಆ ಮನುಷ್ಯ ಒಂದು ಕ್ಷಣ ನಿಂತು ನೋಡಿದರು. ಈಗ ಅಳುತ್ತಿದ್ದಾರೆ ಅನ್ನಿಸಿ ಅವರಿಗೆ ಸಮಾಧಾನವಾದಂತಿತ್ತು. "ಅಳ್ರಿ ತಾಯಿ, ಅತ್ತು ಹಗುರ ಮಾಡಿಕೊಳ್ರಿ" ಅಂತ ಮೆತ್ತಗೆ ಹೇಳಿ, ಸದ್ದಾಗದ ಹಾಗೆ ಬಾಗಿಲು ಮುಚ್ಚಿಕೊಂಡು ಒಳಗೆ ಹೋದರು.